ಚರಿತ್ರೆ ಹೇಳದೆ ಬಿಟ್ಟದ್ದು

ಚಿಕ್ಕಬಳ್ಳಾಪುರದ ಬಳಿಯ ನಂದಿದುರ್ಗವನ್ನು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ಗೆದ್ದುಕೊಂಡಿತು. ಆ ಯುದ್ಧದಲ್ಲಿ ಕೊಡಗಿನ ದೊಡ್ಡ ವೀರರಾಜೇಂದ್ರ ಕಂಪನಿಯ ಮಿತ್ರ. 43 ವರ್ಷಗಳ ತರುವಾಯ, 1834ರಲ್ಲಿ, ಅದೇ ಕಂಪನಿ ಅವನ ತಮ್ಮನ ಮಗ ಚಿಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕೊಡಗನ್ನು ತನ್ನದಾಗಿಸಿಕೊಂಡಿತು. ಚರಿತ್ರೆಯ ಪುಸ್ತಕ ಇಷ್ಟು ಹೇಳಿ ಮುಂದೆ ಸಾಗುತ್ತದೆ. ಮಿತ್ರನ ಮನೆಗೆ ಕಂಪನಿ ಒಡೆಯನಾಗಿ ಬಂದಾಗ ಒಳಗಿನಿಂದ ಬಾಗಿಲು ತೆರೆದವರು ಯಾರು, ಯಾವ ನೋವಿನಿಂದ ತೆರೆದರು? ಕಾದಂಬರಿಕಾರನ ಕೆಲಸ ಈ ಪ್ರಶ್ನೆಯಿಂದ ಮೊದಲಾಗುತ್ತದೆ.

ಈ ಕೆಲಸಕ್ಕೆ ಕೈಹಾಕಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಮಾಲೂರು ತಾಲ್ಲೂಕಿನ ಮಾಸ್ತಿ ಅವರ ಊರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ 2007ರವರೆಗೆ ಅದೇ ಕೋಲಾರ ಜಿಲ್ಲೆಗೆ ಸೇರಿದ್ದುವು; ಆ ನಂಟಿನಿಂದ ಅವರು ನಮ್ಮ ಸೀಮೆಯವರೇ. 1956ರಲ್ಲಿ ಪ್ರಕಟವಾದ ಅವರ ‘ಚಿಕವೀರರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು.

ಸುಮಾರು ಮೂರು ದಶಕ ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದವರು ಮಾಸ್ತಿ. ಎರಡು ಪಕ್ಷದವರ ಮಾತನ್ನೂ ಕೇಳಿದ ಹೊರತು ತೀರ್ಪು ಕೊಡಬಾರದೆಂಬ ಅಧಿಕಾರಿಯ ಸಂಯಮ ಈ ಕೃತಿಯಲ್ಲಿಯೂ ಎದ್ದು ಕಾಣುತ್ತದೆ. ಅರಸನ ಕ್ರೌರ್ಯವನ್ನು ಅವರು ಮರೆಮಾಚುವುದಿಲ್ಲ. ಹಾಗೆಂದು ಇಂಗ್ಲಿಷರ ಮಾತನ್ನೇ ಕೊನೆಯ ಮಾತೆಂದು ಒಪ್ಪುವುದೂ ಇಲ್ಲ. ಕುಂಟ ಬಸವ ಚರಿತ್ರೆಯಲ್ಲಿ ಅರಸನ ದುಷ್ಕೃತ್ಯಗಳಿಗೆ ಒದಗಿದ ಸೇವಕ. ಮಾಸ್ತಿಯವರು ಅವನಿಗೆ ಭಗವತಿ ಎಂಬ ತಾಯಿಯನ್ನು ಕೊಟ್ಟು, ಅವನೂ ಅರಮನೆಯ ರಕ್ತವೇ ಎಂದು ತೋರಿಸುತ್ತಾರೆ. ಅಲ್ಲಿಂದಾಚೆ ಅವನನ್ನು ಬರಿದೆ ದ್ವೇಷಿಸುವುದು ಓದುಗನಿಗೆ ಸಾಧ್ಯವಾಗದು.

ಇದಕ್ಕಿಂತ ಕಠಿಣವಾದದ್ದು ಮಂತ್ರಿ ಬೋಪಣ್ಣನ ಪಾತ್ರ. ಅವನು ಸ್ವಾರ್ಥಿಯಲ್ಲ. ಅರಸನಿಂದ ನಾಡನ್ನು ಉಳಿಸಬೇಕೆಂದೇ ಹೊರಟು, ನಾಡನ್ನೇ ಪರರ ಕೈಗಿತ್ತವನು. ಅವನನ್ನು ದ್ರೋಹಿಯೆಂದು ಕರೆದಿದ್ದರೆ ಕಥೆ ಸುಲಭವಾಗುತ್ತಿತ್ತು. ಮಾಸ್ತಿಯವರು ಆ ಸುಲಭದ ದಾರಿ ಹಿಡಿಯಲಿಲ್ಲ. ಉಪಮೆಗಳ ಆಡಂಬರವಿಲ್ಲದೆ, ಮನೆಮಾತಿನಂಥ ಸಂಭಾಷಣೆಯಲ್ಲಿ, ಒಳ್ಳೆಯವನೊಬ್ಬ ಹೆಜ್ಜೆಹೆಜ್ಜೆಯಾಗಿ ಆ ಬಾಗಿಲಿಗೆ ಬಂದುದನ್ನು ಹೇಳುತ್ತಾರೆ.

ನಮ್ಮ ಸುತ್ತಲೂ ಕೋಟೆಗಳಿಗೆ ಬರವಿಲ್ಲ: ನಂದಿ, ಗುಡಿಬಂಡೆ, ಚಿಂತಾಮಣಿಯ ಬಳಿಯ ರಹಮಾನ್‌ಗಡ. ಆವತಿಯ ನಾಡಪ್ರಭುಗಳ ನೆನಪು ಜನರ ಬಾಯಲ್ಲಿ ಇನ್ನೂ ಉಳಿದಿದೆ. ಇವುಗಳ ಕಥೆ ಬರೆಯಹೊರಡುವ ತರುಣರಿಗೆ ಗೆಲುವು ಸೋಲುಗಳ ತೇದಿ ಗೆಜೆಟಿಯರಿನಲ್ಲಿ ಸಿಕ್ಕೀತು. ಕೋಟೆಯೊಳಗಿನ ಬೋಪಣ್ಣನನ್ನು ಮಾತ್ರ ಅವರೇ ಹುಡುಕಬೇಕು. ಸಿಕ್ಕಿದ ಮೇಲೆ, ಅವನನ್ನು ಶಪಿಸುವ ಮುನ್ನ ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು.