ತಾಳಗುಪ್ಪದ ರೈಲು, ಕಲಘಟಗಿಯ ಬಸ್ಸು

ಸಿದ್ದಾಪುರದ ನಮ್ಮ ಮನೆಯಿಂದ ಹೊರಬೀಳಲು ಎರಡು ದಾರಿ. ಒಂದು, 15 ಕಿ.ಮೀ. ಆಸುಪಾಸಿನಲ್ಲಿರುವ ತಾಳಗುಪ್ಪಕ್ಕೆ ಹೋಗಿ ರೈಲು ಹತ್ತುವುದು. ಅದು ಸಾಗರ, ಶಿವಮೊಗ್ಗ ದಾಟಿ ಮೈಸೂರಿಗೆ ಒಯ್ಯುತ್ತದೆ. ಇನ್ನೊಂದು, ಶಿರಸಿಗೆ ಬಂದು ಯಲ್ಲಾಪುರ, ಕಲಘಟಗಿ ಮಾರ್ಗವಾಗಿ ಹುಬ್ಬಳ್ಳಿ-ಧಾರವಾಡದ ಬಸ್ಸು ಹಿಡಿಯುವುದು. ಬರುವ ಒಂದು ವರ್ಷ ಈ ಎರಡು ಊರುಗಳಲ್ಲೊಂದರಲ್ಲಿ ಕೂತು ನಾನು ಪ್ರಬಂಧ ಮುಗಿಸಬೇಕಿದೆ. ವಿಷಯ ಸಂಗೀತದ ಪೋಷಣೆಯ ಚರಿತ್ರೆ. ಹಾಗಾಗಿ ಬಾಡಿಗೆ, ಊಟ, ಗ್ರಂಥಾಲಯದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕತೊಡಗಿದೆ: ಸಂಜೆ ಕೆಲಸ ಮುಗಿದ ಮೇಲೆ ಯಾವ ಊರಿನಲ್ಲಿ ಏನು ಕೇಳಲು ಸಿಗುತ್ತದೆ?

ಅಜ್ಜನಿಗೆ ಹೀಗೆಂದಾಗ ಕವಳ ಹಾಕುತ್ತಿದ್ದವರು ಕೈ ನಿಲ್ಲಿಸಿ, "ಕೇಳಲೆ ಎಲ್ಲಿಗೆ ಹೋದ್ರೂ ಆಗ್ತು ಕೂಸೇ, ಕಲಿಯಲೆ ಎಲ್ಲಿ ಹೋಗ್ತೆ?" ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಬರಹ.

ಮೊದಲು ನಮ್ಮ ಸೀಮೆಯದೇ ಒಂದು ಒಗಟು. ಸಿದ್ದಾಪುರಕ್ಕೆ ಹತ್ತಿರದ ರೈಲು ಮೈಸೂರಿನದು. ಶಿರಸಿಗೂ ಯಲ್ಲಾಪುರಕ್ಕೂ ರೈಲೇ ಇಲ್ಲ. ಆದರೂ ಈ ಮೂರೂ ತಾಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಹಾರ್ಮೋನಿಯಂ ಮುಂದೆ ಕೂತ ಮಗು ಮೊದಲು ಕಲಿಯುವುದು ಭೂಪ್, ದುರ್ಗಾ. ಮಾಯಾಮಾಳವಗೌಳದ ಸರಳೆ ವರಸೆಯಲ್ಲ. ಊರಿನ ಹಿರಿಯರು ಬೈಠಕ್ ಎನ್ನುತ್ತಾರೆ, ಕಚೇರಿ ಎನ್ನುವವರು ಕಡಿಮೆ. ಸಾಗರದ ಗಡಿ ದಾಟಿ ದಕ್ಷಿಣಕ್ಕೆ ಹೋದಂತೆ ಕರ್ನಾಟಕ ಸಂಗೀತದ ಪಾಠ ಹೆಚ್ಚು ಕಿವಿಗೆ ಬೀಳತೊಡಗುತ್ತದೆ. ಹವೆ ಒಂದೇ, ತೋಟ ಒಂದೇ, ಮದುವೆ ಸಂಬಂಧಗಳೂ ಆಚೀಚೆ ನಡೆಯುತ್ತವೆ. ಹಾಗಿದ್ದರೆ ಈ ಗೆರೆ ಎಳೆದವರು ಯಾರು?

ಉತ್ತರದ ಒಂದು ತುದಿ 1862ರಲ್ಲಿದೆ. ಆ ವರ್ಷ ಕೆನರಾ ಜಿಲ್ಲೆ ಇಬ್ಭಾಗವಾಯಿತು. ದಕ್ಷಿಣದ ಭಾಗ ಮದರಾಸಿನಲ್ಲೇ ಉಳಿದರೆ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಸಾಗರ ಮೈಸೂರು ಸಂಸ್ಥಾನದಲ್ಲಿತ್ತು, ಪಕ್ಕದ ಸಿದ್ದಾಪುರ ಮುಂಬಯಿ ಸರಕಾರದ ಕೆಳಗೆ. 1956ರ ನವೆಂಬರ್ 1ರವರೆಗೆ ಈ ಗೆರೆ ಹಾಗೇ ಇತ್ತು. ಓದಿದ ಹುಡುಗ ಧಾರವಾಡಕ್ಕೆ ಹೋದ. 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲಂತೂ ಅದೇ ರಾಜಮಾರ್ಗ. ಹೋದವನು ಪದವಿಯ ಜೊತೆಗೆ ನಾಟಕದ ಪದ ಕಲಿತು ಬಂದ, ಬೈಠಕ್ಕಿನ ರುಚಿ ಹತ್ತಿಸಿಕೊಂಡು ಬಂದ. ನಮ್ಮ ಕಿವಿ ರೈಲುಹಳಿಯ ಮೇಲಲ್ಲ, ಆಡಳಿತದ ಗೆರೆಯ ಮೇಲೆ ಬೆಳೆದದ್ದು.

ಧಾರವಾಡಕ್ಕೇ ಹಿಂದುಸ್ತಾನಿ ಬಂದದ್ದು ಹೇಗೆಂದರೆ ಎಲ್ಲರೂ ಹೇಳುವ ಕಥೆ ಒಂದಿದೆ. ಮೈಸೂರು ಅರಮನೆ ದಸರೆಗೆ ಉತ್ತರದ ಉಸ್ತಾದರನ್ನು ಕರೆಸುತ್ತಿತ್ತು. ಅವರು ರೈಲಿನಲ್ಲಿ ಹೋಗುವಾಗ ಬರುವಾಗ ಹುಬ್ಬಳ್ಳಿ-ಧಾರವಾಡದಲ್ಲಿ ಇಳಿದು ಹಾಡಿದರು, ಕೆಲವರು ಉಳಿದರು. ಕಥೆಯಲ್ಲಿ ಸತ್ಯವಿದೆ. ಆಗ್ರಾ ಘರಾಣೆಯ ನತ್ಥನ್ ಖಾನ್ ಮೈಸೂರಿನ ಆಸ್ಥಾನದಲ್ಲಿದ್ದರು. ಅವರಲ್ಲಿ ಕಲಿತ ಭಾಸ್ಕರಬುವಾ ಬಖಲೆ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರೂ ಮೈಸೂರಿಗೆ ಹೋಗಿಬರುತ್ತಿದ್ದವರೇ.

ಆದರೆ ಈ ಕಥೆಯೊಂದೇ ಸಾಲದು ಎಂದು ನನಗನ್ನಿಸುತ್ತದೆ. ಅದೇ ರೈಲು ಹರಿಹರ, ದಾವಣಗೆರೆ, ಬೀರೂರು, ಅರಸೀಕೆರೆಗಳಲ್ಲೂ ನಿಲ್ಲುತ್ತಿತ್ತಲ್ಲ? ಅಲ್ಲಿ ಯಾಕೆ ಘರಾಣೆ ಬೇರೂರಲಿಲ್ಲ? ಬೀಜ ಬಿದ್ದರೆ ಸಾಲದು, ನೆಲ ಹದವಾಗಿರಬೇಕು. ಮುಂಬಯಿ ಕರ್ನಾಟಕದಲ್ಲಿ ಆ ಹದ ಮಾಡಿದ್ದು ಮರಾಠಿ ಸಂಗೀತ ನಾಟಕ ಮತ್ತು ಅದನ್ನು ನೋಡಿ ಕಟ್ಟಿದ ಕನ್ನಡ ಕಂಪನಿಗಳು. ರಂಗಗೀತೆಯಲ್ಲಿ ರಾಗದ ಪರಿಚಯವಿದ್ದ ಪ್ರೇಕ್ಷಕನಿಗೆ ಬೈಠಕ್ಕಿನ ಖ್ಯಾಲು ಪೂರ್ತಿ ಅಪರಿಚಿತವಲ್ಲ. ಕುಂದಗೋಳದ ರಾಮಭಾವು ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ, 'ಸವಾಯಿ ಗಂಧರ್ವ' ಎನಿಸಿಕೊಂಡವರು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ನಾಡಿಗೇರ ವಾಡೆಯಲ್ಲಿ ಅವರ ನೆನಪಿನ ಅಹೋರಾತ್ರಿ ಸಂಗೀತ ಇವತ್ತಿಗೂ ದೊಡ್ಡ ಸಂಗತಿ.

ಇನ್ನೂ ಒಂದು ಮಾತು. ಧಾರವಾಡ ಹುಟ್ಟಾ ಹಿಂದುಸ್ತಾನಿಯ ಊರಲ್ಲ. ಮಲ್ಲಿಕಾರ್ಜುನ ಮನ್ಸೂರರ ಮೊದಲ ಪಾಠ ಅಪ್ಪಯ್ಯ ಸ್ವಾಮಿಗಳಲ್ಲಿ, ಅದು ಕರ್ನಾಟಕ ಪದ್ಧತಿಯದು. ಆಮೇಲೆ ಮಿರಜದ ನೀಲಕಂಠಬುವಾ, ಮುಂದೆ ಮಂಜಿ ಖಾನ್, ಬುರ್ಜಿ ಖಾನ್. ಗದುಗಿನ ಪಂಚಾಕ್ಷರಿ ಗವಾಯಿಗಳಿಗೆ ಎರಡೂ ಪದ್ಧತಿ ಗೊತ್ತಿತ್ತು. 'ಉಭಯಗಾನ ವಿಶಾರದ' ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್‌ರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅಬ್ದುಲ್ ಕರೀಂ ಖಾನರು ಅವರ ಹಾಡು ಕೇಳಲು ಬರುತ್ತಿದ್ದರು. ಎಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಊರಿನ ಒಂದೇ ಓಣಿಯಲ್ಲಿ ಎರಡೂ ಸಂಗೀತ ಒಂದನ್ನೊಂದು ಕೇಳಿಸಿಕೊಳ್ಳುತ್ತಿದ್ದವು. ಒಂದು ತಲೆಮಾರಿನಲ್ಲಿ ಒಂದು ದನಿ ಉಳಿಯಿತು, ಇನ್ನೊಂದು ಸರಿಯಿತು.

ಈ ತಲೆಮಾರಿನ ಬದಲಾವಣೆ ಅಂಬಾಬಾಯಿಯವರ ಮನೆಯೊಳಗೇ ನಡೆಯಿತು. ಮಗಳ ಪ್ರಾಥಮಿಕ ಶಾಲೆ ಮುಗಿದ ಮೇಲೆ, 1928ರಲ್ಲಿ, ಕುಟುಂಬ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು; ಮಗಳ ಸಂಗೀತಕ್ಕೆ ಅಲ್ಲಿ ಅನುಕೂಲವಿತ್ತು. ಊರು ಬದಲಿಸುವ ಮುನ್ನ ಎರಡು ಊರುಗಳ ಸಂಗೀತವನ್ನು ತೂಗಿ ನೋಡುವುದು ನನ್ನ ಕಾಲದ ಖಯಾಲಿ ಎಂದುಕೊಂಡಿದ್ದೆ. ಇಪ್ಪತ್ತು ಕಿ.ಮೀ. ದೂರದ ಎರಡು ಊರುಗಳ ನಡುವೆ ಆ ತಾಯಿ ಅದನ್ನೇ ಮಾಡಿದ್ದರು. ಮಗಳ ಹಿಂದುಸ್ತಾನಿ ಗಾಯನಕ್ಕೆ ಬೇರೆ ಗಮಕದ ಸೋಂಕು ತಗಲಬಾರದೆಂದು ತಾವು ಹಾಡುವುದನ್ನೇ ಅವರು ನಿಲ್ಲಿಸಿದರು. 1932ರಲ್ಲಿ ತೀರಿಕೊಂಡರು. ಮಗಳು ಮುಂದೆ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆಯ ಹಿಂದೆ ಹಾಡು ನಿಲ್ಲಿಸಿದ ಒಬ್ಬ ಹೆಂಗಸು ಇದ್ದಾರೆ.

ಈಗ ಮೈಸೂರು. ಅಲ್ಲಿ ಸಂಗೀತಕ್ಕೆ ಸಂಬಳವಿತ್ತು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರು, ಪಿಟೀಲು ಚೌಡಯ್ಯ ಎಲ್ಲರೂ ಆಸ್ಥಾನದ ವಿದ್ವಾಂಸರು. ನಾಲ್ವಡಿ ಕೃಷ್ಣರಾಜ ಒಡೆಯರು ಕೇಳಿದ್ದಕ್ಕೆ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದರು. ದೊರೆ ಕೇಳುವುದು, ವಿದ್ವಾಂಸ ಬರೆಯುವುದು, ಅದು ಪರಂಪರೆಯಾಗುವುದು: ಈ ಕ್ರಮ ಧಾರವಾಡದಲ್ಲಿ ಸಾಧ್ಯವಿರಲಿಲ್ಲ, ಕೇಳುವ ದೊರೆಯೇ ಅಲ್ಲಿರಲಿಲ್ಲ. ಮುಂದಿನ ಒಡೆಯರು, ಜಯಚಾಮರಾಜರು, ತಾವೇ ವಾಗ್ಗೇಯಕಾರರಾದರು.

ಸಂಬಳದ ಸಂಗೀತಕ್ಕೆ ಇನ್ನೊಂದು ಮುಖವೂ ಇದೆ. ದರ್ಬಾರಿನಲ್ಲಿ ಯಾರು ಕೂರಬಹುದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಗ್ರಾಮಫೋನಿನಿಂದ ದೇಶವಿಡೀ ಹೆಸರಾದ ಗೌಹರ್ ಜಾನ್ 1928ರಲ್ಲಿ ಮೈಸೂರಿನ ಆಸ್ಥಾನ ಸೇರಿದರು. 1930ರ ಜನವರಿಯಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅರಮನೆ ಹೊರಗಿನವರನ್ನು ಕರೆಯಿತು, ಗೌರವಿಸಿತು. ಆದರೆ ಅವರ ಸುತ್ತ ಶಿಷ್ಯರ ಸಂಸಾರ ಬೆಳೆಯಲಿಲ್ಲ. ವಿಚಿತ್ರ ನೋಡಿ: ಉಸ್ತಾದರಿಗೆ ದುಡ್ಡು ಕೊಟ್ಟದ್ದು ಮೈಸೂರು, ಶಿಷ್ಯರನ್ನು ಕೊಟ್ಟದ್ದು ಧಾರವಾಡ.

ಮೈಸೂರಿನಲ್ಲಿ ಸಂಗೀತ ಕೋಟೆಯೊಳಗೇ ಉಳಿಯಿತು ಎಂದರೆ ಅದೂ ತಪ್ಪಾಗುತ್ತದೆ. ಕರಾವಳಿಯ ನಂದಳಿಕೆಯಿಂದ ಬಂದ ಬಿಡಾರಂ ಕೃಷ್ಣಪ್ಪ ಆಸ್ಥಾನದಲ್ಲಿದ್ದುಕೊಂಡೇ ಊರಿನ ಜನಕ್ಕಾಗಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು, ದೇವರನಾಮಕ್ಕೆ ಕಚೇರಿಯಲ್ಲಿ ಜಾಗ ಮಾಡಿಕೊಟ್ಟರು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರಿನ ಕೇಂದ್ರ ಅದು. ಆಮೇಲೆ ರಾಮೋತ್ಸವದ ಚಪ್ಪರ, ಒಂಟಿಕೊಪ್ಪಲಿನ ಎಂಟನೇ ಅಡ್ಡರಸ್ತೆಯ ಗಣೇಶೋತ್ಸವದ ಕಚೇರಿಗಳು ಬಂದವು. ರಸ್ತೆಗೆ ಚಪ್ಪರ ಹಾಕಿ ದೊಡ್ಡ ವಿದ್ವಾಂಸರನ್ನು ಕೂರಿಸುವ ಆ ಪದ್ಧತಿಗೆ ಟಿಕೇಟಿಲ್ಲದ ಕೇಳುಗನೂ ಹತ್ತಿರವೇ.

ಇಲ್ಲಿಗೆ ನನ್ನ ತಕ್ಕಡಿ ಹೀಗೆ ನಿಂತಿತು. ಮೈಸೂರಿನಲ್ಲಿ ಸಂಗೀತ ಹಬ್ಬದ ಪಂಚಾಂಗಕ್ಕೆ ಕಟ್ಟಿಕೊಂಡಿದೆ: ದಸರಾ, ರಾಮನವಮಿ, ಗಣೇಶ ಚೌತಿ. ಧಾರವಾಡದಲ್ಲಿ ಅದು ಗುರುಗಳ ಪುಣ್ಯತಿಥಿಗೆ ಕಟ್ಟಿಕೊಂಡಿದೆ. ಅಲ್ಲಿ ಶಿಷ್ಯ ಹಾಡುವುದು ಸತ್ತ ಗುರುವಿನ ಫೋಟೊದ ಮುಂದೆ. ಮೈಸೂರಿನ ಸಂಜೆ ಮಂಗಳ ಹಾಡಿ ಮುಗಿಯುತ್ತದೆ, ಊಟದ ಹೊತ್ತಿಗೆ ಮನೆ ಸೇರಬಹುದು. ಕುಂದಗೋಳದ ರಾತ್ರಿ ಭೈರವಿಯವರೆಗೂ ಹೋಗುತ್ತದೆ. ಒಬ್ಬಳೇ ಹೋದ ಹುಡುಗಿ ಬೆಳಗಿನ ಬಸ್ಸಿನವರೆಗೆ ಎಲ್ಲಿ ಕೂರಬೇಕು ಎಂಬುದನ್ನೂ ಯೋಚಿಸಬೇಕು. ರಾಗ ಸಮಯದ ಶಾಸ್ತ್ರದಲ್ಲಿ ಈ ಸಮಯದ ಮಾತು ಬರುವುದಿಲ್ಲ.

ಎರಡಕ್ಕೂ ಸಮಾನವಾದದ್ದು ಒಂದಿದೆ. ಎರಡೂ ಊರುಗಳಿಂದ ಸಂಗೀತಗಾರರು ಹೊರಟುಹೋದರು. ಗದುಗಿನ ಭೀಮಸೇನ ಜೋಶಿ ಪುಣೆಯವರಾದರು; ಗುರುವಿನ ಹೆಸರಿನ ಉತ್ಸವವನ್ನು 1953ರಲ್ಲಿ ಅಲ್ಲೇ ಆರಂಭಿಸಿದರು. ಸುಳೇಭಾವಿಯ ಕುಮಾರ ಗಂಧರ್ವ ದೇವಾಸಿನವರಾದರು. ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ನಂಜನಗೂಡಿನಲ್ಲಿ ಹುಟ್ಟಿದ ನಾಗರತ್ನಮ್ಮ ಮೈಸೂರು ಬಿಟ್ಟು ಬೆಂಗಳೂರಿಗೆ, ಅಲ್ಲಿಂದ ಮದರಾಸಿಗೆ ಹೋಗಿ 'ಬೆಂಗಳೂರು ನಾಗರತ್ನಮ್ಮ' ಎಂದೇ ಪ್ರಸಿದ್ಧರಾದರು. ಹೀಗಿರುವಾಗ ಉಳಿದವರು ದೊಡ್ಡದಾಗಿ ಕಾಣುತ್ತಾರೆ. ಮನ್ಸೂರರು ಧಾರವಾಡದ 'ಮೃತ್ಯುಂಜಯ'ದಲ್ಲಿ, ಗಂಗೂಬಾಯಿಯವರು ಹುಬ್ಬಳ್ಳಿಯಲ್ಲಿ, ದೊರೆಸ್ವಾಮಿ ಅಯ್ಯಂಗಾರರು ವೀಣೆಯ ಮೈಸೂರು ಬಾನಿಯಲ್ಲಿ. ಉಳಿದವರಿಂದಲೇ ಊರಿಗೆ ಕಲಿಕೆ ಉಳಿಯಿತು.

ನಮ್ಮ ಮೂರು ತಾಲೂಕುಗಳ ಕಥೆ ಇಲ್ಲಿಗೆ ಬಂದು ಸೇರುತ್ತದೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಘಟ್ಟದ ಮನೆಗಳಿಗೂ ಬೆಳಗಿನ ರಾಗ ಬಂತು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಧಾರವಾಡದಲ್ಲಿ ನೆಲೆಸಿದರು. ನಮ್ಮ ಜಿಲ್ಲೆಯ ಗಣಪತಿ ಭಟ್ಟ ಹಾಸಣಗಿ, ಪರಮೇಶ್ವರ ಹೆಗಡೆ ಅವರಲ್ಲಿ ಕಲಿತು ಬೆಳೆದರು. ಹೀಗೆ ಕಲಿತವರು ತಮ್ಮ ಊರಿಗೆ ಮರಳಿದಾಗ ಹಳ್ಳಿಯ ಜಗಲಿಯೇ ಪಾಠಶಾಲೆಯಾಯಿತು. ನಮ್ಮಲ್ಲಿ ರಾತ್ರಿಯಿಡೀ ಕೂತು ಕೇಳುವ ಅಭ್ಯಾಸ ಮೊದಲೇ ಇತ್ತು. ಅದನ್ನು ಕಲಿಸಿದ್ದು ಯಕ್ಷಗಾನ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರ ಪದ್ಯ ಕೇಳಿ ಬೆಳೆದ ಕಿವಿಗೆ ವಿಳಂಬಿತದ ತಾಳ್ಮೆ ಹೊಸದಲ್ಲ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ನಾಲ್ಕು ಮನೆಗಳಲ್ಲಿ ಪಾಠ ಹೇಳಿ, ಸಂಜೆಯ ಬಸ್ಸಿಗೆ ಹೊರಡುವ ಮೇಷ್ಟ್ರಲ್ಲೇ ನಾನು ಕಲಿತದ್ದು. ಮಳೆಗಾಲದಲ್ಲಿ ಹೊಳೆ ಬಂದರೆ ಅಂದಿನ ಪಾಠ ಇಲ್ಲ. ಉತ್ಸವಗಳ ಪಟ್ಟಿಯಲ್ಲಿ ಈ ಮೇಷ್ಟ್ರ ಹೆಸರು ಇರುವುದಿಲ್ಲ. ಆದರೆ ಅವರಿಲ್ಲದಿದ್ದರೆ ಆ ಉತ್ಸವಗಳ ಎದುರಿನ ಜಮಖಾನೆ ಖಾಲಿ ಇರುತ್ತಿತ್ತು.

ಅಜ್ಜನ ಪ್ರಶ್ನೆಯ ಅರ್ಥ ಆಗ ತಿಳಿಯಿತು. ಸಂಗೀತದ ಊರು ಎನ್ನುವುದನ್ನು ನಾನು ಕಾರ್ಯಕ್ರಮಗಳ ಸಂಖ್ಯೆಯಲ್ಲಿ ಅಳೆಯುತ್ತಿದ್ದೆ. ಅಜ್ಜ ಅಳೆದದ್ದು ಮಾರನೆಯ ಬೆಳಿಗ್ಗೆ ಯಾರ ಮನೆಯಲ್ಲಿ ಯಾರು ತಂಬೂರಿ ಶ್ರುತಿ ಮಾಡುತ್ತಾರೆ ಎಂಬುದರಲ್ಲಿ. ಆ ಅಳತೆಯಲ್ಲಿ ನನಗೆ ಧಾರವಾಡವೇ ಸರಿ. ಬಸ್ಸು ಹತ್ತಿದರೆ ಗುರು ಸಿಗುತ್ತಾರೆ, ಭಾಷೆ ಗೊತ್ತಿರುವ ಸಂಗೀತ ಸಿಗುತ್ತದೆ, ಹಬ್ಬಕ್ಕೆ ಮನೆಗೂ ಬರಬಹುದು.

ಆದರೂ ನಾನು ಹೊರಟಿರುವುದು ಮೈಸೂರಿಗೆ. ಒಂದು ಕಾರಣ ಕೆಲಸದ್ದು: ಸಂಬಳ ಕೊಟ್ಟವರ ಬಳಿ ಲೆಕ್ಕದ ಕಡತ ಇರುತ್ತದೆ, ಜಗಲಿಯ ಪಾಠಕ್ಕೆ ಕಡತವಿಲ್ಲ, ಒಂದನ್ನು ನೋಡದೆ ಇನ್ನೊಂದರ ಬೆಲೆ ಬರೆಯಲಾರೆ. ಗಂಗೂಬಾಯಿ ಹಾನಗಲ್‌ರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರುವುದೂ ಮೈಸೂರಿನಲ್ಲೇ. ಹುಬ್ಬಳ್ಳಿಯ ಹೆಸರು ಅಲ್ಲಿಗೆ ನನಗಿಂತ ಮೊದಲೇ ಹೋಗಿ ಕೂತಿದೆ. ಇನ್ನೊಂದು ಕಾರಣ ಅಂಬಾಬಾಯಿಯವರದು. ಮಗಳಿಗಾಗಿ ಅವರು ಬಿಟ್ಟ ಸಂಗೀತ ಎಂಥದ್ದು ಎಂದು ನನಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಕಡೆಯಿಂದ ಕೇಳಿದ ಕಿವಿ ನನ್ನದು. ಒಂದು ವರ್ಷ ಇನ್ನೊಂದು ಕಡೆ ಕೂತು, ಸರಳೆ ವರಸೆಯಿಂದ ಶುರುಮಾಡಿ, ಅವರು ನಿಲ್ಲಿಸಿದ ಹಾಡಿನ ಹತ್ತಿರ ಎಷ್ಟು ದೂರ ಹೋಗಲಾಗುತ್ತದೋ ಅಷ್ಟು ಹೋಗುತ್ತೇನೆ.

ಅಜ್ಜನಿಗೆ ಹೇಳಿದೆ, ಕಲಿಯಲಿಕ್ಕೇ ಹೋಗುತ್ತಿದ್ದೇನೆ ಎಂದು. ತಾಳಗುಪ್ಪದ ತನಕ ಬಿಡಲು ಅವರೇ ಬರುತ್ತಾರಂತೆ.