ಹತ್ತನೆಯ ತರಗತಿಯ ವಿಷಯಪಟ್ಟಿ: ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು-ಉದ್ಯೋಗ ಸಿದ್ಧತೆ ನಡೆದುಬಂದ ದಾರಿ

ನಮ್ಮಲ್ಲಿ ಹತ್ತನೆಯ ತರಗತಿ ಎಂದರೆ ಎಸ್ಸೆಸ್ಸೆಲ್ಸಿ. ಪರೀಕ್ಷೆಯ ವೇಳಾಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ, ಫಲಿತಾಂಶ ಇಡೀ ಬೀದಿಗೆ ಗೊತ್ತಾಗುತ್ತದೆ. ಆಮೇಲೆ ಸೈನ್ಸೋ ಕಾಮರ್ಸೋ ಆರ್ಟ್ಸೋ ಎಂಬುದು ಕೆಲವೇ ವಾರಗಳಲ್ಲಿ ತೀರ್ಮಾನವಾಗುತ್ತದೆ. ಅಮೆರಿಕದ ಹೈಸ್ಕೂಲಿನಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ಹತ್ತನೆಯದು ಅದರಲ್ಲಿ ಎರಡನೆಯದು. ಅಲ್ಲಿ ನಮ್ಮಂಥ ಬೋರ್ಡ್ ಪರೀಕ್ಷೆಯಿಲ್ಲ, ಮಗುವನ್ನು ಒಂದು ವಿಭಾಗಕ್ಕೆ ಸೇರಿಸಿಬಿಡುವ ಗೊತ್ತಾದ ದಿನವೂ ಇಲ್ಲ. ಹೀಗಾಗಿ ಅದು ಬಿಡುವಿನ ವರ್ಷ ಎಂದು ಮಕ್ಕಳಿಗೂ ಅನ್ನಿಸುತ್ತದೆ, ಕೆಲವೊಮ್ಮೆ ತಂದೆತಾಯಿಗಳಿಗೂ.

ನಿಜ ಹಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ನಿಗದಿತ ವಿಷಯಗಳಲ್ಲಿ ಹದಿನೈದು ಕೋರ್ಸುಗಳನ್ನು ಕೇಳುತ್ತದೆ. ಅಂಕಗಳ ಸರಾಸರಿಯನ್ನು ಲೆಕ್ಕ ಹಾಕುವಾಗ ಅದು ನೋಡುವುದು ಹತ್ತು ಮತ್ತು ಹನ್ನೊಂದನೆಯ ತರಗತಿಗಳನ್ನು. ಮುಂದಿನ ವರ್ಷ ಯಾವ ಗಣಿತ, ಯಾವ ವಿಜ್ಞಾನ ಎಂದು ಗುರುತು ಹಾಕಿ, ಪೋಷಕರ ಸಹಿ ಹಾಕಿಸಿ ಕೊಡುವ ಒಂದು ಸಾಮಾನ್ಯ ಹಾಳೆ ನಮ್ಮ ಪಿಯುಸಿ ಅರ್ಜಿಯಷ್ಟೇ ಭಾರದ ತೀರ್ಮಾನವನ್ನು ಹೊತ್ತಿರುತ್ತದೆ. ನೋಡಿದರೆ ಆ ಭಾರ ಕಾಣುವುದಿಲ್ಲ ಎಂಬುದೇ ತೊಂದರೆ. ಈ ವಯಸ್ಸಿನ ಮಕ್ಕಳನ್ನು ಮುಂದಿನ ಓದಿಗೂ ದುಡಿಮೆಗೂ ಹೇಗೆ ಸಿದ್ಧಗೊಳಿಸಬೇಕು ಎಂಬ ಅಮೆರಿಕದ ಚರ್ಚೆಗೆ ನೂರಮೂವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸ ಮತ್ತೆ ಮತ್ತೆ ಬಂದು ನಿಂತದ್ದು ಇದೇ ಹಾಳೆಯ ಮುಂದೆ.

1892ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಘವು ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರ ಮುಂದಾಳತ್ವದಲ್ಲಿ ಹತ್ತು ಜನರ ಸಮಿತಿಯೊಂದನ್ನು ನೇಮಿಸಿತು. ಆಗ ಸಾರ್ವಜನಿಕ ಹೈಸ್ಕೂಲುಗಳಲ್ಲಿ ಓದುತ್ತಿದ್ದವರು ದೇಶದಲ್ಲೆಲ್ಲ ಸುಮಾರು ಎರಡು ಲಕ್ಷ ಮಾತ್ರ. ಮರುವರ್ಷ ಸಮಿತಿ ಕೊಟ್ಟ ವರದಿಯ ತಿರುಳು ಇಷ್ಟು: ಹೈಸ್ಕೂಲಿನಲ್ಲಿ ಒಂದು ವಿಷಯವನ್ನು ಕಲಿಸುವುದಾದರೆ ಎಲ್ಲರಿಗೂ ಒಂದೇ ರೀತಿಯಲ್ಲಿ ಕಲಿಸಬೇಕು, ಮಗು ಮುಂದೆ ಕಾಲೇಜಿಗೆ ಹೋಗುತ್ತದೆಯೋ ಅಂಗಡಿಗೆ ಹೋಗುತ್ತದೆಯೋ ಎಂದು ನೋಡಿ ಪಾಠವನ್ನು ಬೇರೆ ಮಾಡಬಾರದು. ಈ ಸಮಿತಿಯನ್ನು ಪಂಡಿತಮಾನ್ಯರ ಕೂಟವೆಂದು ಹಳಿದವರು ಬಹಳ. ನನಗೆ ಮಾತ್ರ ಇಡೀ ಚರಿತ್ರೆಯಲ್ಲಿ ಮಕ್ಕಳ ಮೇಲೆ ಅತಿ ಹೆಚ್ಚು ನಂಬಿಕೆಯಿಟ್ಟ ದಾಖಲೆ ಅದೇ ಎನ್ನಿಸುತ್ತದೆ.

ಆ ನಂಬಿಕೆ ಬಹುಕಾಲ ಉಳಿಯಲಿಲ್ಲ. 1930ರ ಹೊತ್ತಿಗೆ ಹೈಸ್ಕೂಲು ವಿದ್ಯಾರ್ಥಿಗಳ ಸಂಖ್ಯೆ ನಲವತ್ತು ಲಕ್ಷ ದಾಟಿತ್ತು. ವಲಸೆ ಬಂದವರ ಮಕ್ಕಳು, ಕಾರ್ಖಾನೆ ಕೂಲಿಗಳ ಮಕ್ಕಳು, ಹಳ್ಳಿಯಿಂದ ನಗರಕ್ಕೆ ಇಳಿದವರ ಮಕ್ಕಳು ತರಗತಿಗಳನ್ನು ತುಂಬಿದರು. ಇಷ್ಟು ಜನರಿಗೆಲ್ಲ ಒಂದೇ ಪಾಠ ಸಾಧ್ಯವೇ ಎಂಬ ಅನುಮಾನ ಎದ್ದಿತು. 1917ರ ಸ್ಮಿತ್-ಹ್ಯೂಸ್ ಕಾಯ್ದೆ ವೃತ್ತಿಶಿಕ್ಷಣಕ್ಕೆ ಕೇಂದ್ರದ ಹಣ ಕೊಟ್ಟು ಅದನ್ನು ಬೇರೆಯದೇ ದಾರಿಯಾಗಿ ಕಟ್ಟಿತು. ಮೊದಲ ಮಹಾಯುದ್ಧದ ನಂತರ ಲೂಯಿಸ್ ಟರ್ಮನ್‌ರಂಥ ಮನೋವಿಜ್ಞಾನಿಗಳ ಬುದ್ಧಿಪರೀಕ್ಷೆಗಳು ಶಾಲೆಯೊಳಗೆ ಬಂದವು. ಮಕ್ಕಳನ್ನು ಚುರುಕು, ಸಾಧಾರಣ, ಮಂದ ಎಂದು ಬೇರ್ಪಡಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾಠಕ್ರಮ ಕೊಡುವುದೇ ವೈಜ್ಞಾನಿಕ ಕ್ರಮ ಎನ್ನಿಸಿಕೊಂಡಿತು. ಬಡವರ ಮಕ್ಕಳೂ ಕಪ್ಪು ಜನಾಂಗದ ಮಕ್ಕಳೂ ಯಾವ ಗುಂಪಿಗೆ ಬಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ವೃತ್ತಿ ಮಾರ್ಗದರ್ಶನವೆಂಬ ಕಸುಬು ಹುಟ್ಟಿದ್ದೂ ಇದೇ ಕಾಲದಲ್ಲಿ, ಆದರೆ ಬೇರೆ ಮನೋಭಾವದಿಂದ. ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್ನಿನ ವಲಸಿಗರ ಬಡಾವಣೆಯಲ್ಲಿ ವೃತ್ತಿ ಸಲಹಾ ಕೇಂದ್ರವೊಂದನ್ನು ತೆರೆದರು, ಅದೇ ವರ್ಷ ತೀರಿಕೊಂಡರು. ಅವರ ಪುಸ್ತಕ ಹೊರಬಂದದ್ದು 1909ರಲ್ಲಿ. ತನ್ನನ್ನು ತಾನು ಅರಿಯುವುದು, ಕೆಲಸಗಳ ಲೋಕವನ್ನು ಅರಿಯುವುದು, ಎರಡನ್ನೂ ಕೂಡಿಸಿ ಯೋಚಿಸುವುದು ಎಂದು ಅವರು ಹಾಕಿಕೊಟ್ಟ ಮೂರು ಹೆಜ್ಜೆಗಳು ಇಂದಿನ ಕಂಪ್ಯೂಟರ್ ಪ್ರಶ್ನಾವಳಿಗಳ ಬುಡದಲ್ಲೂ ಇವೆ. ಮಿಷಿಗನ್ನಿನ ಗ್ರಾಂಡ್ ರ‍್ಯಾಪಿಡ್ಸ್‌ನಲ್ಲಿ ಪ್ರಾಂಶುಪಾಲರಾಗಿದ್ದ ಜೆಸ್ಸಿ ಡೇವಿಸ್ 1907ರಲ್ಲಿ ಇನ್ನೊಂದು ದಾರಿ ಹಿಡಿದರು. ಇಂಗ್ಲಿಷ್ ಪ್ರಬಂಧದ ಪಾಠದೊಳಗೇ ವೃತ್ತಿಯ ವಿಚಾರ, ನಡತೆಯ ವಿಚಾರ ಬರೆಯಿಸಿದರು. ಸಲಹೆಯನ್ನು ಪಾಠದೊಳಕ್ಕೆ ತಂದದ್ದು ಡೇವಿಸ್‌ರ ಹೆಚ್ಚುಗಾರಿಕೆ. ಆದರೆ ಮುಂದಿನ ಐವತ್ತು ವರ್ಷ ಬೆಳೆದದ್ದು ಪಾರ್ಸನ್ಸ್‌ರ ಮಾದರಿಯೇ: ಪಾಠ ಒಂದು ಕೋಣೆಯಲ್ಲಿ, ಸಲಹೆ ಮತ್ತೊಂದರಲ್ಲಿ.

ಆ ಎರಡನೆಯ ಕೋಣೆಗೆ ಸರ್ಕಾರದ ಹಣ ಹರಿದದ್ದು ಸ್ಪುಟ್ನಿಕ್‌ನಿಂದ. 1957ರಲ್ಲಿ ಸೋವಿಯತ್ ಒಕ್ಕೂಟದ ಆ ಉಪಗ್ರಹ ಆಕಾಶಕ್ಕೇರಿತು. ಮರುವರ್ಷವೇ ಬಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಪ್ರತಿಭಾವಂತ ಮಕ್ಕಳನ್ನು ಪರೀಕ್ಷೆಯ ಮೂಲಕ ಹುಡುಕುವುದಕ್ಕೂ ಶಾಲಾ ಕೌನ್ಸೆಲರುಗಳನ್ನು ತಯಾರಿಸುವುದಕ್ಕೂ ಹಣ ಇಟ್ಟಿತು. 1959ರಲ್ಲಿ ಶಿಕ್ಷಣತಜ್ಞ ಜೇಮ್ಸ್ ಕೊನಂಟ್ ಹೈಸ್ಕೂಲುಗಳ ಬಗ್ಗೆ ಬರೆದ ಪ್ರಸಿದ್ಧ ವರದಿಯಲ್ಲಿ 250ರಿಂದ 300 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ಕೌನ್ಸೆಲರ್ ಇರಬೇಕೆಂದರು. ಕೌನ್ಸೆಲರುಗಳೇನೋ ಬಂದರು. ಅವರು ಮಾಡಿದ್ದೇನು ಎಂದು ಒಳಗೆ ಕುಳಿತು ನೋಡಿದವರು ಆರನ್ ಸಿಕೊರೆಲ್ ಮತ್ತು ಜಾನ್ ಕಿಟ್ಸುಸೆ ಎಂಬ ಸಮಾಜಶಾಸ್ತ್ರಜ್ಞರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದು ಕಹಿಯಾಗಿದೆ: ಕೌನ್ಸೆಲರ್ ತನಗೆ ತಿಳಿಯದೆಯೇ ಮಗುವಿನ ಮನೆತನ, ಮಾತು, ನಡವಳಿಕೆಗಳನ್ನು ನೋಡಿ ಇವನು ಕಾಲೇಜಿನವನು, ಇವನಲ್ಲ ಎಂದು ನಿರ್ಧರಿಸುತ್ತಿದ್ದರು. ಮಗುವಿಗೆ ಸಿಗುವ ಪಾಠಗಳು ಆ ನಿರ್ಧಾರದಂತೆ ಬದಲಾಗುತ್ತಿದ್ದವು.

ಇದಕ್ಕೆ ಉತ್ತರ ಬಂದದ್ದು ನಾಗರಿಕ ಹಕ್ಕುಗಳ ಚಳವಳಿಯ ಕಡೆಯಿಂದ. ಬಡತನದ ವಿರುದ್ಧದ ಅಧ್ಯಕ್ಷ ಲಿಂಡನ್ ಜಾನ್ಸನ್‌ರ ಯೋಜನೆಯ ಭಾಗವಾಗಿ 1965ರಲ್ಲಿ ಶುರುವಾದ ‘ಅಪ್‌ವರ್ಡ್ ಬೌಂಡ್’ ಬಡ ಮಕ್ಕಳನ್ನು ಬೇಸಿಗೆಯಲ್ಲಿ ಕಾಲೇಜಿನ ಆವರಣಕ್ಕೇ ಕರೆತಂದು ಪಾಠ ಹೇಳಿತು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಜೀವ ಒತ್ತೆಯಿಟ್ಟಿದ್ದ ರಾಬರ್ಟ್ ಮೋಸೆಸ್ 1982ರಲ್ಲಿ ‘ಆಲ್ಜೀಬ್ರಾ ಪ್ರಾಜೆಕ್ಟ್’ ಆರಂಭಿಸಿ, ಬೀಜಗಣಿತವೂ ಮತದಂತೆಯೇ ಒಂದು ಹಕ್ಕು ಎಂದರು. ಅದಕ್ಕೆ ಎರಡು ವರ್ಷ ಮೊದಲು, ಸ್ಯಾನ್ ಡಿಯಾಗೋದ ಕ್ಲೇರ್‌ಮಾಂಟ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿ ಮೇರಿ ಕ್ಯಾಥರಿನ್ ಸ್ವಾನ್ಸನ್ ಮೂವತ್ತೆರಡು ಮಕ್ಕಳೊಂದಿಗೆ ‘ಅವಿಡ್’ ಎಂಬ ತರಗತಿಯನ್ನು ತೆರೆದಿದ್ದರು. ನ್ಯಾಯಾಲಯದ ಆದೇಶದಂತೆ ಬೇರೆ ಬಡಾವಣೆಗಳ ಬಡ ಮಕ್ಕಳು ಬಸ್ಸಿನಲ್ಲಿ ಆ ಶಾಲೆಗೆ ಬರುತ್ತಿದ್ದ ಕಾಲ ಅದು. ಅವರಿಗೆ ಸುಲಭದ ಪಾಠ ಕೊಡೋಣ ಎಂಬುದು ಸುತ್ತಲಿನ ಮಾತು. ಸ್ವಾನ್ಸನ್ ಆ ಮಕ್ಕಳನ್ನು ಅತಿ ಕಠಿಣ ಕೋರ್ಸುಗಳಿಗೇ ಸೇರಿಸಿದರು. ಜೊತೆಗೆ ದಿನಕ್ಕೊಂದು ಪೀರಿಯಡ್ ಬೇರೆ ಇಟ್ಟು ನೋಟ್ಸ್ ಬರೆಯುವ ಕ್ರಮ, ಪ್ರಶ್ನೆ ಕೇಳುವ ಕ್ರಮ, ಗುಂಪಾಗಿ ಓದುವ ಕ್ರಮ ಕಲಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಕರೆಸಿ ಪಕ್ಕದಲ್ಲಿ ಕೂರಿಸಿದರು. ಹಳ್ಳಿಯ ಹುಡುಗನನ್ನು ಬಾವಿಗೆ ಇಳಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸುವಂತೆ: ನೀರೂ ಆಳವಾಗಿಯೇ ಇರಬೇಕು, ಹಗ್ಗವೂ ಇರಬೇಕು. ಅವಿಡ್ ಇಂದು ಸಾವಿರಾರು ಶಾಲೆಗಳಲ್ಲಿದೆ.

1980ರಲ್ಲಿಯೇ ಇನ್ನೊಂದು ಕೆಲಸ ಸದ್ದಿಲ್ಲದೆ ಶುರುವಾಯಿತು. ಕೇಂದ್ರ ಸರ್ಕಾರದ ಶಿಕ್ಷಣ ಅಂಕಿಅಂಶ ಸಂಸ್ಥೆ ಸುಮಾರು ಸಾವಿರ ಹೈಸ್ಕೂಲುಗಳಿಂದ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಮಕ್ಕಳನ್ನು ಆರಿಸಿಕೊಂಡು ವರ್ಷಾನುಗಟ್ಟಲೆ ಅವರ ಹಿಂದೆ ನಡೆಯಿತು. ಹತ್ತನೆಯವರೇ ಮೂವತ್ತು ಸಾವಿರದಷ್ಟಿದ್ದರು. ಅವರು ಸುಮಾರು ಮೂವತ್ತರ ವಯಸ್ಸಿಗೆ ಬರುವವರೆಗೂ ಹೈಸ್ಕೂಲಿನ, ಕಾಲೇಜಿನ ದಾಖಲೆಗಳನ್ನು ಕೂಡಿಸಲಾಯಿತು. ಆ ರಾಶಿಯನ್ನು ಕುಳಿತು ಓದಿದವರು ಶಿಕ್ಷಣ ಇಲಾಖೆಯ ಸಂಶೋಧಕ ಕ್ಲಿಫರ್ಡ್ ಅಡೆಲ್ಮನ್. ಕಾಲೇಜಿಗೆ ಸೇರಿದವರಲ್ಲಿ ಪದವಿ ಮುಗಿಸಿದವರು ಯಾರು ಎಂಬುದು ಅವರ ಪ್ರಶ್ನೆ. 1999ರಲ್ಲಿ ಅವರು ಕೊಟ್ಟ ಉತ್ತರ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಪ್ರವೇಶ ಪರೀಕ್ಷೆಯ ಅಂಕಕ್ಕಿಂತ, ತರಗತಿಯಲ್ಲಿ ಗಳಿಸಿದ ಸ್ಥಾನಕ್ಕಿಂತ, ಹೈಸ್ಕೂಲಿನಲ್ಲಿ ಓದಿದ ಪಾಠಗಳ ಗಟ್ಟಿತನ ಹೆಚ್ಚು ಮುನ್ಸೂಚನೆ ಕೊಡುತ್ತಿತ್ತು. ಅದರಲ್ಲೂ ಗಣಿತ. ಆಲ್ಜೀಬ್ರಾ-2ರ ಆಚೆಗೆ ಒಂದು ಕೋರ್ಸು ಮುಗಿಸಿ ಕಾಲೇಜಿಗೆ ಬಂದವರು ಪದವಿ ಪಡೆಯುವ ಸಾಧ್ಯತೆ ದುಪ್ಪಟ್ಟಿಗಿಂತ ಹೆಚ್ಚಿತ್ತು. ಕಪ್ಪು ಮತ್ತು ಲ್ಯಾಟಿನೋ ಮಕ್ಕಳ ವಿಷಯದಲ್ಲಿ ಪಾಠಕ್ರಮದ ಪ್ರಭಾವ ಇನ್ನೂ ಎದ್ದು ಕಾಣುತ್ತಿತ್ತು.

ಈ ಮಾತು ಹತ್ತನೆಯ ತರಗತಿಗೆ ಯಾಕೆ ತಟ್ಟುತ್ತದೆ ಎಂದರೆ, ಅಲ್ಲಿ ಗಣಿತ ಮೆಟ್ಟಿಲಾಗಿ ಜೋಡಿಸಿದ ವಿಷಯ. ಒಂಬತ್ತರಲ್ಲಿ ಆಲ್ಜೀಬ್ರಾ-1, ಹತ್ತರಲ್ಲಿ ಜ್ಯಾಮಿತಿ, ಹನ್ನೊಂದರಲ್ಲಿ ಆಲ್ಜೀಬ್ರಾ-2, ಹನ್ನೆರಡರಲ್ಲಿ ಪ್ರಿ-ಕ್ಯಾಲ್ಕ್ಯುಲಸ್ ಎಂಬುದು ಸಾಮಾನ್ಯ ಕ್ರಮ. ಹತ್ತರಲ್ಲಿ ಇನ್ನೂ ಆಲ್ಜೀಬ್ರಾ-1ರಲ್ಲಿರುವ ಮಗು ಕ್ರಮದಂತೆಯೇ ಹೋದರೆ ಅಡೆಲ್ಮನ್ ಗುರುತಿಸಿದ ಆ ಗೆರೆಯನ್ನು ದಾಟುವ ಮೊದಲೇ ಹೈಸ್ಕೂಲು ಮುಗಿದಿರುತ್ತದೆ. ಹತ್ತನೆಯ ವರ್ಷದಲ್ಲಿ ಕಂಡುಕೊಂಡರೆ ಸರಿಪಡಿಸಲು ಎರಡು ವರ್ಷ ಕೈಯಲ್ಲಿರುತ್ತವೆ.

ಅಡೆಲ್ಮನ್‌ರ ಮಾತನ್ನು ಅಷ್ಟಕ್ಕೇ ಬಿಟ್ಟರೆ ದಾರಿ ತಪ್ಪಬಹುದು. ಕಠಿಣ ಗಣಿತ ಆರಿಸಿಕೊಂಡವರು ಮೊದಲೇ ಬೇರೆ ಬಗೆಯ ಮಕ್ಕಳಾಗಿರಬಹುದಲ್ಲ? ಎಲ್ಲರಿಗೂ ಕಡ್ಡಾಯ ಮಾಡಿದರೆ ಎಲ್ಲರಿಗೂ ಅದೇ ಫಲ ಸಿಗುತ್ತದೆಯೇ? ಶಿಕಾಗೋ ನಗರ ಇದನ್ನು ಮಾಡಿಯೇ ನೋಡಿತು. 1997ರಲ್ಲಿ ಅಲ್ಲಿನ ಶಾಲಾಡಳಿತ ಕೆಳಮಟ್ಟದ ಗಣಿತದ ತರಗತಿಗಳನ್ನು ತೆಗೆದುಹಾಕಿ ಒಂಬತ್ತನೆಯ ತರಗತಿಯ ಎಲ್ಲರಿಗೂ ಆಲ್ಜೀಬ್ರಾ ಇಟ್ಟಿತು. ಕೋರ್ಸಿಗೆ ಸೇರಿದವರು ಹೆಚ್ಚಿದರು, ನಪಾಸಾದವರೂ ಹೆಚ್ಚಿದರು, ಪರೀಕ್ಷೆಯ ಅಂಕ ಏರಲಿಲ್ಲ. 2003ರಲ್ಲಿ ಅದೇ ನಗರ ಹಿಂದೆ ಬಿದ್ದ ಮಕ್ಕಳಿಗೆ ದಿನಕ್ಕೆ ಎರಡು ಪೀರಿಯಡ್ ಆಲ್ಜೀಬ್ರಾ ಕೊಟ್ಟಿತು, ಶಿಕ್ಷಕರಿಗೂ ನೆರವು ಒದಗಿಸಿತು. ವರ್ಷಗಳ ನಂತರ ಸಂಶೋಧಕರು ಲೆಕ್ಕ ನೋಡಿದಾಗ ಹೈಸ್ಕೂಲು ಮುಗಿಸಿದವರೂ ಕಾಲೇಜು ಸೇರಿದವರೂ ಹೆಚ್ಚಿದ್ದು ಕಂಡಿತು. ವಿಷಯಪಟ್ಟಿಯಲ್ಲಿ ಹೆಸರು ಬದಲಿಸುವುದು ಬೇರೆ, ಆ ಹೆಸರಿನ ಪಾಠವನ್ನು ಮಗು ಅರಗಿಸಿಕೊಳ್ಳುವಷ್ಟು ಸಮಯ ಕೊಡುವುದು ಬೇರೆ. ಸ್ವಾನ್ಸನ್ ಒಂದು ತರಗತಿಯಲ್ಲಿ ಕಂಡುಕೊಂಡದ್ದನ್ನು ಶಿಕಾಗೋ ಇಡೀ ನಗರದ ಮಟ್ಟದಲ್ಲಿ ಕಲಿಯಿತು.

ಇದೇ ಹೊತ್ತಿಗೆ ಇನ್ನೊಂದು ಆಸೆಯೂ ಚಿಗುರಿತ್ತು: ಮಾಹಿತಿ ತಲುಪಿಸಿದರೆ ಸಾಕು, ಮಕ್ಕಳು ತಾವೇ ದಾರಿ ಕಂಡುಕೊಳ್ಳುತ್ತಾರೆ ಎಂಬುದು. ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಸಾರಾ ಟರ್ನರ್ ಎಂಬ ಅರ್ಥಶಾಸ್ತ್ರಜ್ಞೆಯರು ಬಡ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ಕಾಲೇಜುಗಳ ವಿವರ ಮತ್ತು ಶುಲ್ಕ ವಿನಾಯಿತಿಯ ಪತ್ರಗಳನ್ನು ಅಂಚೆಯಲ್ಲಿ ಕಳಿಸಿದರು. ಒಬ್ಬರಿಗೆ ತಗಲಿದ ವೆಚ್ಚ ಸುಮಾರು ಆರು ಡಾಲರ್. 2013ರಲ್ಲಿ ಪ್ರಕಟವಾದ ಫಲಿತಾಂಶ ಉತ್ಸಾಹ ತುಂಬುವಂತಿತ್ತು. ಅಂಥದೇ ಪ್ರಯತ್ನವನ್ನು ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ದೊಡ್ಡ ಪ್ರಮಾಣದಲ್ಲಿ ಮಾಡಿದಾಗ ಕಾಲೇಜಿನ ಆಯ್ಕೆಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಹನ್ನೆರಡನೆಯ ತರಗತಿಯ ಮಗುವಿನ ಕೈಗೆ ಕಾಗದ ಬಂದಾಗ ಅದರ ಓದಿನ ದಾಖಲೆ ಬಹುಮಟ್ಟಿಗೆ ಬರೆದಾಗಿರುತ್ತದೆ. ಅದೇ ಮಾತನ್ನು ಹತ್ತರಲ್ಲಿ, ಪರಿಚಯವಿರುವ ಒಬ್ಬರು ಎದುರು ಕುಳಿತು ಹೇಳಿದರೆ ತೂಕವೇ ಬೇರೆ. ಮ್ಯಾಸಚೂಸೆಟ್ಸ್‌ನ ದಾಖಲೆಗಳನ್ನು ಆಧರಿಸಿ ಕ್ರಿಸ್ಟೀನ್ ಮಲ್ಹರ್ನ್ ಮಾಡಿದ ಅಧ್ಯಯನವು ಒಳ್ಳೆಯ ಕೌನ್ಸೆಲರ್ ಸಿಕ್ಕಿದ ಮಕ್ಕಳು ಹೈಸ್ಕೂಲು ಮುಗಿಸುವುದೂ ಕಾಲೇಜು ಸೇರುವುದೂ ಹೆಚ್ಚೆಂದು, ಬಡ ಮಕ್ಕಳಿಗೆ ಅದರ ಲಾಭ ಇನ್ನೂ ಹೆಚ್ಚೆಂದು ತೋರಿಸಿದೆ.

ಉದ್ಯೋಗದ ಕಡೆಯ ಕಥೆ ಚಿಕ್ಕದು, ಆದರೆ ಸಾಕ್ಷ್ಯ ಗಟ್ಟಿ. 1969ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ‘ಕೆರಿಯರ್ ಅಕಾಡೆಮಿ’ಗಳು ಒಂಬತ್ತು ಅಥವಾ ಹತ್ತನೆಯ ತರಗತಿಯಿಂದ ಮಕ್ಕಳ ಒಂದು ಚಿಕ್ಕ ಗುಂಪನ್ನು ಒಂದೇ ಶಿಕ್ಷಕರ ತಂಡದೊಡನೆ ಇಟ್ಟು, ಎಲೆಕ್ಟ್ರಾನಿಕ್ಸ್, ಆರೋಗ್ಯ, ಹಣಕಾಸು ಇಂಥ ಒಂದು ಕ್ಷೇತ್ರದ ಸುತ್ತ ಪಾಠ ಹೆಣೆಯುತ್ತವೆ. ಕ್ಯಾಲಿಫೋರ್ನಿಯಾದ ಅಕಾಡೆಮಿಗಳು ಹತ್ತರಿಂದ ಹನ್ನೆರಡರವರೆಗಿನವು. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಲಾಟರಿ ಎತ್ತಿದ್ದರಿಂದ ಸಂಶೋಧಕರಿಗೆ ನ್ಯಾಯವಾದ ಹೋಲಿಕೆ ಸಿಕ್ಕಿತು. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯ 2008ರ ವರದಿಯಂತೆ, ಹೈಸ್ಕೂಲು ಮುಗಿದ ಎಂಟು ವರ್ಷಗಳಲ್ಲಿ ಅಕಾಡೆಮಿಯಲ್ಲಿ ಸೀಟು ಸಿಕ್ಕವರ ಗಳಿಕೆ ಸರಾಸರಿ ಶೇ. 11ರಷ್ಟು ಹೆಚ್ಚಿತ್ತು. ಕಾಲೇಜು ಓದಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಕೆಲಸಕ್ಕೆ ಸಿದ್ಧಗೊಳಿಸಿದರೆ ಕಾಲೇಜು ತಪ್ಪುತ್ತದೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ ಎಂಬುದನ್ನೂ ಇದು ಹೇಳುತ್ತದೆ. 2002ರಿಂದ ಹರಡಿದ ‘ಅರ್ಲಿ ಕಾಲೇಜ್’ ಹೈಸ್ಕೂಲುಗಳು ಒಂದು ಹೆಜ್ಜೆ ಮುಂದೆ ಹೋಗಿ ಹದಿಹರೆಯದಲ್ಲೇ ಕಾಲೇಜಿನ ಕ್ರೆಡಿಟ್ ಗಳಿಸಲು ದಾರಿ ಮಾಡಿದವು.

ಕನ್ನಡದ ಮನೆಗಳಿಗೆ ಇದು ದೂರದ ಸುದ್ದಿಯೇನಲ್ಲ. ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ತಂದೆತಾಯಿಗಳು ತಾವು ಪಿಯುಸಿ, ಸಿಇಟಿ ಬರೆದು ಬಂದವರು. ಒಂದು ದೊಡ್ಡ ಪರೀಕ್ಷೆಗೆ ಮಗುವನ್ನು ತಯಾರು ಮಾಡುವುದು ಅವರಿಗೆ ಗೊತ್ತು. ನಾಲ್ಕು ವರ್ಷಗಳ ಟ್ರಾನ್ಸ್‌ಕ್ರಿಪ್ಟ್ ಕಟ್ಟುವುದು ಹೊಸದು. ಬೆಂಗಳೂರಿನಿಂದಲೇ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವವರಿಗೂ ಸಾಮಾನ್ಯವಾಗಿ ಒಂಬತ್ತನೆಯ ತರಗತಿಯಿಂದಲೇ ಅಂಕಪಟ್ಟಿ ಬೇಕಾಗುತ್ತದೆ. ಅಲ್ಲಿನ ಮಕ್ಕಳು ಅಭ್ಯಾಸಕ್ಕೆ ಬಳಸುವ ಖಾನ್ ಅಕಾಡೆಮಿಯ ಗಣಿತ ಪಾಠಗಳು ಇಲ್ಲಿನ ಮಕ್ಕಳಿಗೆ ಕನ್ನಡದಲ್ಲೇ ಸಿಗುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಈಗಿನ ವಾದ ಆಲ್ಜೀಬ್ರಾ-2ರ ಸುತ್ತಲೇ ನಡೆದಿದೆ. ಅದರ ಬದಲು ಡೇಟಾ ಸೈನ್ಸ್ ಓದಿದರೆ ಸಾಲದೇ ಎಂದು ಹಲವು ಶಾಲೆಗಳು ಕೇಳಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2023ರಲ್ಲಿ ಸಾಲದು ಎಂದಿತು. ಎಂಟನೆಯ ತರಗತಿಯಿಂದ ಆಲ್ಜೀಬ್ರಾ ತೆಗೆದಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರ ಮಾರ್ಚಿನಲ್ಲಿ ಮತದಾರರು ಅದು ಮರಳಲಿ ಎಂದರು. ಹತ್ತರಲ್ಲಿ ಹಿಂದೆ ಬಿದ್ದ ಮಗುವಿಗೆ ಜ್ಯಾಮಿತಿ ಮತ್ತು ಆಲ್ಜೀಬ್ರಾ-2 ಎರಡನ್ನೂ ಒಂದೇ ವರ್ಷ ಓದುವ, ಬೇಸಿಗೆಯಲ್ಲಿ ಒಂದನ್ನು ಮುಗಿಸುವ, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಲಿಯುವ ದಾರಿಗಳಿವೆ. ಅವನ್ನು ಹೇಳಿಕೊಡಬೇಕಾದ ಕೌನ್ಸೆಲರ್ ಒಬ್ಬರಿಗೆ 250 ಮಕ್ಕಳಿರಲಿ ಎಂದು ಅವರ ಸಂಘ ಇಂದಿಗೂ ಕೇಳುತ್ತಿದೆ, ಹೆಚ್ಚುಕಡಿಮೆ ಕೊನಂಟ್ ಕೇಳಿದ್ದ ಸಂಖ್ಯೆಯನ್ನೇ. ದೇಶದ ಸರಾಸರಿ 400ಕ್ಕಿಂತ ತುಸು ಕೆಳಗಿದೆ. ದೇಶದ ಹೈಸ್ಕೂಲುಗಳಲ್ಲಿ ಕ್ಯಾಲ್ಕ್ಯುಲಸ್ ಕಲಿಸುವವು ಸುಮಾರು ಅರ್ಧ. ಕಪ್ಪು ಮತ್ತು ಲ್ಯಾಟಿನೋ ಮಕ್ಕಳೇ ಹೆಚ್ಚಿರುವ ಶಾಲೆಗಳಲ್ಲಿ ಆ ಪ್ರಮಾಣ ಇನ್ನೂ ಕಡಿಮೆ. ಅಂಥ ಶಾಲೆಯ ವಿಷಯಪಟ್ಟಿಯಲ್ಲಿ ಆ ಕೋರ್ಸಿನ ಹೆಸರೇ ಇರುವುದಿಲ್ಲ.