ಸೊನ್ನೆ ಅಂದ್ರೆ ಹೌದಾ, ಇಲ್ಲವಾ? ‘ಇದರಿಂದ ಶುರುವಾಗುತ್ತಾ?’ ಅನ್ನೋ ಪ್ರಶ್ನೆಯ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಲ್ಲೋ ಆಫೀಸ್ ಕ್ಯಾಬಲ್ಲೋ ಓದೋರಿಗೆ, ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ಇವತ್ತಿನ ವಿಷಯ ತೀರಾ ಚಿಕ್ಕದು. ಒಂದು ಪಠ್ಯ ನಾವು ಹೇಳಿದ ತುಣುಕಿನಿಂದ ಶುರುವಾಗುತ್ತಾ, ಇಲ್ವಾ? ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಇದರಲ್ಲಿ ಇತಿಹಾಸ ಏನಿದೆ ಅಂತೀರಾ? ಈ ಪ್ರಶ್ನೆ ನನ್ನ ಮೊದಲ ಕೆಲಸವನ್ನೇ ಕಳೆಯೋದರಲ್ಲಿತ್ತು. ಅಲ್ಲಿಂದಲೇ ಶುರು ಮಾಡ್ತೀನಿ.

2013. ಎಂಟೆಕ್ ಮುಗಿಸಿ ಪುಣೆಗೆ ಬಂದು ಆರು ತಿಂಗಳಾಗಿತ್ತು. ಸರ್ವರಿನಲ್ಲಿ ‘ಟೆಂಪ್’ ಅಂತ ಶುರುವಾಗುವ ಹಳೇ ಫೈಲುಗಳನ್ನು ರಾತ್ರಿ ಅಳಿಸಿಹಾಕುವ ಒಂದು ಸಣ್ಣ ಪಿಎಚ್‌ಪಿ ಸ್ಕ್ರಿಪ್ಟ್ ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡಿತು. ಯಾಕೆ ಅಂದ್ರೆ ಅಲ್ಲಿನ ಟೆಸ್ಟ್ ಫೋಲ್ಡರಿನಲ್ಲಿ ಇದ್ದದ್ದೆಲ್ಲ ಟೆಂಪ್ ಫೈಲುಗಳೇ! ಇಬ್ಬರು ಸೀನಿಯರ್‌ಗಳು ರಿವ್ಯೂ ಮಾಡಿ ಸರಿ ಅಂದರು. ಮರುದಿನ ಬೆಳಿಗ್ಗೆ ನೋಡಿದರೆ ಇಡೀ ಫೋಲ್ಡರ್ ಖಾಲಿ. ಗ್ರಾಹಕರು ಕಳಿಸಿದ್ದ ಸ್ಕ್ಯಾನ್ ಪ್ರತಿಗಳೂ ಹೋಗಿದ್ದವು. ಬ್ಯಾಕಪ್ ಇತ್ತು, ಆದರೆ ಒಂದು ದಿನ ಹಳೆಯದು. ಆ ಒಂದು ದಿನದ ಕೆಲಸವನ್ನು ಡೇಟಾ ಎಂಟ್ರಿಯ ನಾಲ್ಕು ಜನ ಭಾನುವಾರ ಬಂದು ಮತ್ತೆ ಮಾಡಿದರು. ಅವರ ಮುಖ ನೋಡೋಕೆ ನನಗೆ ಧೈರ್ಯ ಇರಲಿಲ್ಲ.

ತಪ್ಪು ಎಲ್ಲಿತ್ತು? ಆಗ ಪಿಎಚ್‌ಪಿಯಲ್ಲಿ ‘ಇದರಿಂದ ಶುರುವಾಗುತ್ತಾ’ ಅಂತ ಕೇಳುವ ಫಂಕ್ಷನ್ನೇ ಇರಲಿಲ್ಲ. ನಾವೆಲ್ಲ ಸ್ಟ್ರ್‌ಪಾಸ್ ಅನ್ನೋದನ್ನ ಬಳಸ್ತಾ ಇದ್ವಿ. ಅದು ಉತ್ತರಿಸೋದು ಬೇರೆ ಪ್ರಶ್ನೆಗೆ: ‘ಈ ತುಣುಕು ಎಲ್ಲಿದೆ?’ ಶುರುವಿನಲ್ಲೇ ಇದ್ದರೆ ಸೊನ್ನೆ ಅನ್ನುತ್ತೆ. ಎಲ್ಲೂ ಇಲ್ಲದಿದ್ದರೆ ‘ಫಾಲ್ಸ್’ ಅನ್ನುತ್ತೆ. ನಾನು ಉತ್ತರವನ್ನು ಸೊನ್ನೆಯ ಜೊತೆ ಎರಡು ಈಕ್ವಲ್ ಹಾಕಿ ಹೋಲಿಸಿದ್ದೆ. ಎರಡು ಈಕ್ವಲ್ ಹಾಕಿದರೆ ಪಿಎಚ್‌ಪಿಗೆ ಫಾಲ್ಸೂ ಸೊನ್ನೆಯೂ ಒಂದೇ. ಮೂರು ಹಾಕಬೇಕಿತ್ತು. ಹಾಗಾಗಿ ಹೆಸರಿನಲ್ಲಿ ಟೆಂಪ್ ಇಲ್ಲವೇ ಇಲ್ಲದ ಫೈಲುಗಳೂ ‘ಟೆಂಪಿನಿಂದ ಶುರುವಾದವು’, ಹೋದವು.

ಇದು ನನ್ನೊಬ್ಬನ ದಡ್ಡತನ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಹಿಂದಿನದನ್ನ ಓದುತ್ತಾ ಹೋದಾಗ ಗೊತ್ತಾಯ್ತು, ಇದು ಹಳೇ ಕಾಯಿಲೆ.

ಸಿ ಭಾಷೆ ನೋಡಿ. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ಸ್ಟ್ರ್‌ಎನ್‌ಕಂಪ್ ಇತ್ತು. ಅದು ಕೇಳೋದು ‘ಮೊದಲ ಇಷ್ಟು ಅಕ್ಷರಗಳಲ್ಲಿ ವ್ಯತ್ಯಾಸ ಇದೆಯಾ?’ ಅಂತ. ವ್ಯತ್ಯಾಸ ಇಲ್ಲದಿದ್ದರೆ ಸೊನ್ನೆ. ಅಂದರೆ ಇಲ್ಲಿ ಸೊನ್ನೆ ಬಂದರೆ ‘ಹೌದು’. ಆದರೆ ಅದೇ ಸಿ ಭಾಷೆಯ ‘ಇಫ್’ಗೆ ಸೊನ್ನೆ ಅಂದ್ರೆ ‘ಇಲ್ಲ’! ಮೇಲಾಗಿ ಎಷ್ಟು ಅಕ್ಷರ ಅಂತ ಎಣಿಸಿ ಕೊಡೋದೂ ನಮ್ಮ ಕೆಲಸವೇ. ನಾಳೆ ತುಣುಕು ಬದಲಾಗಿ ಎಣಿಕೆ ಬದಲಾಗದೇ ಉಳಿದರೆ ಕಥೆ ಮುಗೀತು. ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಈ ಪ್ರಶ್ನೆಗೆ ಇಂದಿಗೂ ಸ್ವಂತ ಫಂಕ್ಷನ್ ಇಲ್ಲ.

ಬೇಸಿಕ್‌ನವರು ಎಡಗಡೆಯ ತುಂಡು ಕತ್ತರಿಸಿ ಹೋಲಿಸುತ್ತಿದ್ದರು. ಅಲ್ಲೂ ಅದೇ ಎಣಿಕೆಯ ತಾಪತ್ರಯ.

ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಕೇಳಲು ದಾರಿ ಮಾಡಿದವರಲ್ಲಿ ಜಾವಾ ಮುಖ್ಯ. 1996ರ ಮೊದಲ ಆವೃತ್ತಿಯಲ್ಲೇ ‘ಸ್ಟಾರ್ಟ್ಸ್‌ವಿತ್’ ಇತ್ತು. ಉತ್ತರ ಟ್ರೂ ಅಥವಾ ಫಾಲ್ಸ್ ಮಾತ್ರ. 2000ದಲ್ಲಿ ಪೈಥಾನ್ 2.0 ಅದನ್ನು ತೆಗೆದುಕೊಂಡಿತು. ಕತ್ತರಿಸಿ ಹೋಲಿಸಬೇಡಿ, ಇದನ್ನೇ ಬಳಸಿ, ತಪ್ಪು ಕಡಿಮೆಯಾಗುತ್ತೆ ಅಂತ ಪೈಥಾನಿನ ಶೈಲಿ ಕೈಪಿಡಿ ಪೆಪ್ 8 ಹೇಳುತ್ತೆ. ಜಾವಾಸ್ಕ್ರಿಪ್ಟಿಗೆ ಅದು ಬಂದದ್ದು 2015ರಲ್ಲಿ. ಸಿ++ಗೆ 2020ರ ಸ್ಟ್ಯಾಂಡರ್ಡಿನಲ್ಲಿ. ಪಿಎಚ್‌ಪಿಗೂ 2020ರ ನವೆಂಬರಿನಲ್ಲೇ, ಎಂಟನೇ ಆವೃತ್ತಿಯ ಜೊತೆ. ನನ್ನ ಫೋಲ್ಡರ್ ಖಾಲಿಯಾಗಿ ಏಳು ವರ್ಷ ಆದಮೇಲೆ!

ಇಷ್ಟು ತಡ ಯಾಕೆ? ಇಂಥ ಫಂಕ್ಷನ್ ಬೇಕು ಅಂದಾಗಲೆಲ್ಲ ಬರುವ ಮಾತು ಒಂದೇ: ‘ಒಂದು ಸಾಲಿನಲ್ಲಿ ನೀವೇ ಬರೆದುಕೊಳ್ಳಬಹುದಲ್ಲ?’ ಬರೆದುಕೊಳ್ಳಬಹುದು, ನಿಜ. ಆದರೆ ಲಕ್ಷಾಂತರ ಜನ ಅದೇ ಸಾಲನ್ನು ಬರೆದಾಗ ಒಂದಿಷ್ಟು ಜನ ತಪ್ಪು ಬರೆದೇ ಬರೀತಾರೆ. ಆ ಲೆಕ್ಕದಲ್ಲಿ ನಾನೂ ಒಬ್ಬ. ರಿವ್ಯೂ ಮಾಡಿದ ಇಬ್ಬರೂ ಬುದ್ಧಿವಂತರೇ. ಆದರೆ ಅವರು ಓದಿದ್ದು ನನ್ನ ಉದ್ದೇಶವನ್ನ, ಯಂತ್ರ ಓದಿದ್ದು ನಾನು ಬರೆದದ್ದನ್ನ.

ಹಾಗಂತ ಫಂಕ್ಷನ್ ಬಂದ ಮೇಲೆ ಎಲ್ಲ ಮುಗೀತಾ? ನಮ್ಮ ಕನ್ನಡ ಹಾಕಿ ನೋಡಿ. ಪೈಥಾನಿನಲ್ಲಿ ‘ಮರ್ಯಾದೆ’ ಪದ ‘ಮರ’ದಿಂದ ಶುರುವಾಗುತ್ತಾ ಅಂತ ಕೇಳಿದರೆ ಹೌದು ಅನ್ನುತ್ತೆ! ಯುನಿಕೋಡಿನಲ್ಲಿ ‘ಮರ್ಯಾದೆ’ಯ ಸಂಕೇತಗಳು ಮ, ರ, ಆಮೇಲೆ ಹಲಂತ, ಆಮೇಲೆ ಯ, ಹೀಗೆ ಸಾಲಾಗಿ ನಿಲ್ಲುತ್ತವೆ. ಮೊದಲ ಎರಡು ಹೊಂದಿದವು, ಪೈಥಾನಿಗೆ ಅಷ್ಟು ಸಾಕು. ಸ್ವಿಫ್ಟ್ ಭಾಷೆಯಲ್ಲಿ ಕೇಳಿದರೆ ಇಲ್ಲ ಅನ್ನುತ್ತೆ. ಅಲ್ಲಿ ‘ರ್’ ಅನ್ನೋದು ಒಡೆಯಲಾಗದ ಒಂದು ಘಟಕ.

ಯಾವುದು ಸರಿ? ಸರ್ಚ್ ಬಾಕ್ಸಿನಲ್ಲಿ ಟೈಪ್ ಮಾಡ್ತಾ ಇರೋರಿಗೆ ‘ಮರ’ ತಲುಪಿದಾಗಲೇ ‘ಮರ್ಯಾದೆ’ಯೂ ಕಾಣಿಸಿದರೆ ಅನುಕೂಲ. ಅದೇ ಮಕ್ಕಳಿಗೆ ಪದ ಕಟ್ಟುವ ಆಟದ ಆ್ಯಪ್ ಮಾಡಿದರೆ ಅದು ಶುದ್ಧ ತಪ್ಪು, ಎರಡನೇ ಕ್ಲಾಸಿನ ಮಗುವೂ ನಗುತ್ತೆ. ಎಲ್ಲಿ ಯಾವುದು ಬೇಕು ಅಂತ ನಾವೇ ನಿರ್ಧರಿಸಬೇಕು.

ನಿಮ್ಮ ಕೋಡಿನಲ್ಲಿ ಎಲ್ಲಾದರೂ ಸೊನ್ನೆಯ ಜೊತೆ ಹೋಲಿಸಿ ಪದದ ಶುರು ನೋಡುವ ಹಳೇ ಸಾಲು ಉಳಿದಿದ್ದರೆ ಇವತ್ತೇ ಬದಲಾಯಿಸಿ. ಟೆಸ್ಟ್ ಫೋಲ್ಡರಿನಲ್ಲಿ ಅಳಿಸಬಾರದ ಒಂದೆರಡು ಫೈಲನ್ನೂ ಇಡಿ. ನಾನು ಅದೊಂದು ಮಾಡಿದ್ದರೆ ಆ ಭಾನುವಾರ ನಾಲ್ಕು ಜನ ಮನೆಯಲ್ಲೇ ಇರ್ತಿದ್ದರು.

ಮುಂದಿನ ವಾರ ಸಿಗೋಣ.